ಮನೆಯ ಮೀಡಿಯಾ ಸರ್ವರ್‌ಗೆ ಡೆಬಿಯನ್ ಸಾಕು ಕಣ್ರೀ

ಹಳೆಯ ಕಂಪ್ಯೂಟರ್‌ಗೆ ಜೆಲ್ಲಿಫಿನ್ (ನಮ್ಮ ವಿಡಿಯೊಗಳನ್ನು ಟಿವಿಗೆ ಕಳಿಸುವ ಉಚಿತ ಸಾಫ್ಟ್‌ವೇರ್) ಹಾಕಿ, ಮನೆಯ ಟಿವಿಗೆ ಸಿನಿಮಾ, ಮದುವೆ ವಿಡಿಯೊ, ಯಕ್ಷಗಾನದ ರೆಕಾರ್ಡಿಂಗ್ ಎಲ್ಲಾ ಬರೋ ಹಾಗೆ ಮಾಡಬೇಕು, ಯಾವ ಓಎಸ್ ಹಾಕಲಿ ಅಂತ ಕೇಳುವವರು ಈಗ ಜಾಸ್ತಿ ಆಗಿದ್ದಾರೆ. ಕೇಳಿದ್ದೇ ತಡ, ಒಬ್ಬರು ಟ್ರೂನ್ಯಾಸ್ ಅನ್ನುತ್ತಾರೆ, ಇನ್ನೊಬ್ಬರು ಅನ್‌ರೇಡ್ ಅನ್ನುತ್ತಾರೆ, ಎರಡೂ ಹಲವು ಡಿಸ್ಕ್‌ಗಳನ್ನು ನೋಡಿಕೊಳ್ಳುವ ಸರ್ವರ್ ಓಎಸ್‌ಗಳು. ಮತ್ತೊಬ್ಬರು ಮೊದಲು ಒಂದೇ ಮೆಷಿನ್‌ನಲ್ಲಿ ಹಲವು ಓಎಸ್ ಓಡಿಸುವ ಪ್ರಾಕ್ಸ್‌ಮಾಕ್ಸ್ ಹಾಕಿ, ಅದರೊಳಗೆ ಇನ್ನೊಂದು ಹಾಕಿ ಅಂತ ಶುರು ಮಾಡುತ್ತಾರೆ. ನನ್ನ ಉತ್ತರ ಸ್ವಲ್ಪ ಸಪ್ಪೆ. ಡೆಬಿಯನ್. ಉಚಿತವಾಗಿ ಸಿಗುವ ಲಿನಕ್ಸ್ ಓಎಸ್ ಅದು. ಐಕಾನ್, ಕಿಟಕಿಗಳ ಡೆಸ್ಕ್‌ಟಾಪ್ ಪರದೆ ಕೂಡ ಬೇಡ, ಬರೀ ಡೆಬಿಯನ್, ಅದರ ಮೇಲೆ ಜೆಲ್ಲಿಫಿನ್, ಮುಗೀತು.

ಓಎಸ್‌ಗಿಂತ ಮೊದಲು ಮೆಷಿನ್ ವಿಷಯ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಬೇಕೆನ್ನುವುದು ಹೆಚ್ಚುಕಡಿಮೆ ಇಂಟೆಲ್‌ನ ಎಂಟನೇ ಜನರೇಶನ್ ಮತ್ತು ಅದರ ನಂತರದ ಪ್ರೊಸೆಸರ್. ಹಾಗಾಗಿ ಆರನೇ, ಏಳನೇ ಜನರೇಶನ್‌ನ ಆಫೀಸ್ ಡೆಸ್ಕ್‌ಟಾಪ್‌ಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತವೆ, ಬೆಂಗಳೂರಿನ ಎಸ್.ಪಿ. ರೋಡ್ ಕಡೆ ಹೋದರೆ ನೋಡಿ. ಎರಡೂ ಒಂದೇ ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ. ಏಳನೇದರ ಒಳಗಿರುವ ಗ್ರಾಫಿಕ್ಸ್‌ಗೆ 10 ಬಿಟ್ ಎಚ್‌ಇವಿಸಿ (ವಿಡಿಯೊ ಕುಗ್ಗಿಸಿಡುವ ಒಂದು ಫಾರ್ಮ್ಯಾಟ್) ವಿಡಿಯೊ ತಾನೇ ಬಿಡಿಸಲು ಬರುತ್ತದೆ, ಆರನೇದಕ್ಕೆ 8 ಬಿಟ್ ಮಾತ್ರ ಸಲೀಸು. ಟಿವಿಗೆ ಆ ಫಾರ್ಮ್ಯಾಟ್ ಬರದಿದ್ದರೆ ಸರ್ವರ್ ಆ ಕ್ಷಣದಲ್ಲೇ ಅದನ್ನು ಬದಲಾಯಿಸಿ ಕಳಿಸಬೇಕು ಅಲ್ವಾ, ಆಗ ಈ ವ್ಯತ್ಯಾಸ ಗೊತ್ತಾಗುತ್ತದೆ. ಗ್ರಾಫಿಕ್ಸ್ ಕೈಕೊಟ್ಟರೆ ಇಡೀ ಭಾರ ಸಿಪಿಯು ಮೇಲೆ ಬಿದ್ದು ಫ್ಯಾನ್ ಬೊಬ್ಬೆ ಹೊಡೆಯುತ್ತದೆ, 4ಕೆ ವಿಡಿಯೊ ಆದರೆ ನಿಂತು ನಿಂತು ಓಡುತ್ತದೆ. ಅಂದರೆ ವಿಂಡೋಸ್ 11 ಬೇಡ ಅಂದ ಐ5-7500 ಥರದ ಮೆಷಿನ್ನೇ ನಮಗೆ ಬೇಕಾಗಿದ್ದು! ಡೆಬಿಯನ್‌ನಲ್ಲಿ ಇದಕ್ಕೆ ಮಾಡಬೇಕಾದ ಮುಖ್ಯ ಕೆಲಸ ಜೆಲ್ಲಿಫಿನ್ ಯೂಸರ್ ಅನ್ನು ರೆಂಡರ್ ಗುಂಪಿಗೆ, ಅಂದರೆ ಗ್ರಾಫಿಕ್ಸ್ ಬಳಸಲು ಅನುಮತಿ ಇರುವ ಗುಂಪಿಗೆ, ಸೇರಿಸುವುದು. ಉಳಿದದ್ದು ಸೆಟ್ಟಿಂಗ್ಸ್‌ನಲ್ಲಿ ಒಂದು ಟಿಕ್.

ಇನ್ನು ಕರೆಂಟ್. ವಿದೇಶದವರು ಮಾಡುವ ಯೂಟ್ಯೂಬ್ ವಿಡಿಯೊಗಳಲ್ಲಿ ಈ ಮಾತೇ ಸರಿಯಾಗಿ ಬರುವುದಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವುದು ಇದ್ದದ್ದೇ. ಬಂದ ಮೇಲೆ ಮೆಷಿನ್ ತಾನೇ ಎದ್ದು, ಯಾರೂ ಪಾಸ್‌ವರ್ಡ್ ಹೊಡೆಯದೆ, ಜೆಲ್ಲಿಫಿನ್ ತಾನೇ ಶುರುವಾಗಬೇಕು. ಬಯೋಸ್‌ನಲ್ಲಿ (ಓಎಸ್‌ಗಿಂತ ಮೊದಲು ಬರುವ ಸೆಟ್ಟಿಂಗ್ಸ್ ಪರದೆ) ಪವರ್ ಬಂದ ಕೂಡಲೇ ಆನ್ ಆಗುವ ಆಯ್ಕೆ ಇರುತ್ತದೆ, ಅದನ್ನು ಹಾಕಿ. ಯಾವ ಡಿಸ್ಕ್ ಎಲ್ಲಿ ಸೇರಬೇಕು ಅಂತ ಹೇಳುವ ಎಫ್‌ಎಸ್‌ಟ್ಯಾಬ್ (fstab) ಫೈಲ್‌ನಲ್ಲಿ ಸಿನಿಮಾ ಡಿಸ್ಕಿನ ಸಾಲಿಗೆ 'ನೋಫೇಲ್' (nofail) ಅಂತ ಸೇರಿಸಿ. ಅದಿಲ್ಲದೆ ಹೋದರೆ ಒಂದು ಯುಎಸ್‌ಬಿ ಡಿಸ್ಕ್ ಕೈಕೊಟ್ಟ ದಿನ ಡೆಬಿಯನ್ ಅದಕ್ಕಾಗಿ ಒಂದೂವರೆ ನಿಮಿಷ ಕಾದು ಎಮರ್ಜೆನ್ಸಿ ಮೋಡ್‌ನಲ್ಲಿ ಕೂತುಬಿಡುತ್ತದೆ. ಊರಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಆ ಕಪ್ಪು ಪರದೆ ಓದಿಸುವ ಕಷ್ಟ ಯಾರಿಗೂ ಬೇಡ.

ಟ್ರೂನ್ಯಾಸ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಡಿಸ್ಕಿನಲ್ಲಿ ಫೈಲ್ ಇಡಲು ಅದು ಬಳಸುವ ಜೆಡ್‌ಎಫ್‌ಎಸ್ ವ್ಯವಸ್ಥೆ ನಿಜಕ್ಕೂ ಗಟ್ಟಿ, ಫೈಲ್ ಒಳಗೊಳಗೇ ಹಾಳಾದರೂ ಹಿಡಿಯುತ್ತದೆ. ಆದರೆ ನಮ್ಮ ಮನೆಗಳಲ್ಲಿರುವುದು ಹಳೇ ಲ್ಯಾಪ್‌ಟಾಪ್‌ನಿಂದ ತೆಗೆದ 1 ಟಿಬಿ ಡಿಸ್ಕ್, ಆಫರ್‌ನಲ್ಲಿ ತಗೊಂಡ 4 ಟಿಬಿ ಡಿಸ್ಕ್. ಇವೆರಡನ್ನು ಮಿರರ್ ಮಾಡಿದರೆ, ಅಂದರೆ ಎರಡರಲ್ಲೂ ಅದೇ ಫೈಲ್‌ಗಳ ಕಾಪಿ ಇಟ್ಟರೆ, ಕೈಗೆ ಸಿಗುವುದು 1 ಟಿಬಿ! ಮೇಲೆ, ಓಎಸ್ ಹಾಕಿದ ಡಿಸ್ಕನ್ನು ಅದು ಪೂರ್ತಿ ತನಗೇ ಇಟ್ಟುಕೊಳ್ಳುತ್ತದೆ. ನಾಲ್ಕು ಜನರ ಅಡುಗೆಗೆ ಛತ್ರದ ಕೊಪ್ಪರಿಗೆ ತಂದ ಹಾಗೆ. ಅನ್‌ರೇಡ್ ಬೇರೆ ಬೇರೆ ಅಳತೆಯ ಡಿಸ್ಕ್‌ಗಳಿಗೆ ಚೆನ್ನಾಗಿ ಒಗ್ಗುತ್ತದೆ, ಆದರೆ ದುಡ್ಡು ಕೊಡಬೇಕು. ಡೆಬಿಯನ್‌ನಲ್ಲಿ ಮರ್ಜರ್‌ಎಫ್‌ಎಸ್ ಹಾಕಿದರೆ ಬೇರೆ ಬೇರೆ ಡಿಸ್ಕ್‌ಗಳು ಒಂದೇ ಫೋಲ್ಡರ್ ಥರ ಕಾಣುತ್ತವೆ. ಒಂದು ಡಿಸ್ಕ್ ಸತ್ತರೆ ಅದರಲ್ಲಿದ್ದದ್ದು ಮಾತ್ರ ಹೋಗುತ್ತದೆ. ಸಿನಿಮಾ ಹೋದರೆ ಹೋಗಲಿ, ಮದುವೆ ವಿಡಿಯೊ ಮಾತ್ರ ಬೇರೆ ಕಡೆ ಇನ್ನೊಂದು ಕಾಪಿ ಇಡಿ, ಓಎಸ್ ಯಾವುದೇ ಇರಲಿ.

ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಪ್ಪು ಪರದೆ) ಅಂದರೆ ಕೈ ನಡುಗುವವರು ಓಪನ್‌ಮೀಡಿಯಾವಾಲ್ಟ್ ಹಾಕಿ, ಒಳಗಿರುವುದು ಡೆಬಿಯನ್ನೇ, ಬ್ರೌಸರ್‌ನಲ್ಲೇ ಎಲ್ಲಾ ಮಾಡಬಹುದು. ಜೆಲ್ಲಿಫಿನ್ ಥರದ್ದೇ ಆದ ಪ್ಲೆಕ್ಸ್ ಯಾಕೆ ಬೇಡ ಅಂತ ಕೇಳಿದರೆ, ಅಲ್ಲಿ ಹಾರ್ಡ್‌ವೇರ್ ಟ್ರಾನ್ಸ್‌ಕೋಡಿಂಗ್‌ಗೆ (ಗ್ರಾಫಿಕ್ಸ್‌ನಿಂದ ವಿಡಿಯೊ ಫಾರ್ಮ್ಯಾಟ್ ಬದಲಾಯಿಸುವುದಕ್ಕೆ) ದುಡ್ಡು, 2025ರ ಏಪ್ರಿಲ್ ಕೊನೆಯಿಂದ ಮನೆಯ ಹೊರಗಿಂದ ನಮ್ಮದೇ ವಿಡಿಯೊ ನೋಡೋದಕ್ಕೂ ದುಡ್ಡು. 2018ರ ಕೊನೆಯಲ್ಲಿ ಎಂಬಿ (Emby) ಅನ್ನುವ ಮೀಡಿಯಾ ಸರ್ವರ್‌ನಿಂದ ಕವಲೊಡೆದ ಜೆಲ್ಲಿಫಿನ್‌ಗೆ ಇದ್ಯಾವುದೂ ಇಲ್ಲ.

ಡೆಬಿಯನ್‌ಗೆ ಬರುವ ಕನ್ನಡಿಗರಿಗೆ ಎರಡು ತೊಡಕುಗಳಿವೆ. ಒಂದು, ಫೈಲ್ ಹೆಸರು. ಡಿಸ್ಕಿನಲ್ಲಿ ಫೈಲ್ ಇಡುವ ಲಿನಕ್ಸ್‌ನ ಇಎಕ್ಸ್‌ಟಿ4 ವ್ಯವಸ್ಥೆಯಲ್ಲಿ ಹೆಸರಿಗೆ 255 ಬೈಟ್ ಜಾಗ. ಯೂನಿಕೋಡ್ ಕನ್ನಡದಲ್ಲಿ ಅಕ್ಷರ, ಕಾಗುಣಿತದ ಗುರುತು, ಹಲಂತ ಪ್ರತಿಯೊಂದೂ 3 ಬೈಟ್ ತಿನ್ನುತ್ತದೆ, 'ಯಕ್ಷಗಾನ' ಅನ್ನೋದಕ್ಕೇ 21 ಬೈಟ್ ಬೇಕು. ಮೇಳ, ಪ್ರಸಂಗ, ಊರು, ಭಾಗವತರು, ಮುಮ್ಮೇಳದವರೆಲ್ಲರ ಹೆಸರು ಸೇರಿಸಿ ಇಟ್ಟ ಫೈಲ್‌ಗಳು ವಿಂಡೋಸ್‌ನಲ್ಲಿ ಆರಾಮಾಗಿದ್ದು, ಇಲ್ಲಿಗೆ ಕಾಪಿ ಮಾಡುವಾಗ ಹೆಸರು ಉದ್ದವಾಯಿತು ಅಂತ ನಿಂತುಬಿಡುತ್ತವೆ. ಕಲಾವಿದರ ಹೆಸರುಗಳನ್ನು ಜೆಲ್ಲಿಫಿನ್‌ನ ವಿವರಣೆಯಲ್ಲಿ ಹಾಕಿ, ಫೈಲ್ ಹೆಸರು ಚಿಕ್ಕದಿರಲಿ.

ಇನ್ನೊಂದು, ಸಬ್‌ಟೈಟಲ್. ಡೆಸ್ಕ್‌ಟಾಪ್ ಇಲ್ಲದ ಡೆಬಿಯನ್‌ನಲ್ಲಿ ಕನ್ನಡ ಫಾಂಟ್ ಇರುವುದಿಲ್ಲ. ಟಿವಿಗಾಗಿ ಸರ್ವರ್ ವಿಡಿಯೊ ಮೇಲೇ ಸಬ್‌ಟೈಟಲ್ ಅಚ್ಚೊತ್ತಿ ಕಳಿಸುವಾಗ ಅಕ್ಷರದ ಬದಲು ಬರೀ ಚೌಕಗಳು ಬರುತ್ತವೆ. ಗುಬ್ಬಿ, ನವಿಲು ಎರಡೂ ಫಾಂಟ್ ಡೆಬಿಯನ್‌ನ ಭಂಡಾರದಲ್ಲೇ ಇವೆ. ಒಂದು ಹಾಕಿ ಜೆಲ್ಲಿಫಿನ್ ರೀಸ್ಟಾರ್ಟ್ ಮಾಡಿ.