ಸಾಹಿತಿಗಳ ಮೇಲೊಂದು ಆಕ್ಷೇಪಣೆ

ಸರ್ಕಾರಿ ಕಚೇರಿ ಎಂದರೆ ಸಾಹಿತಿಗಳಿಗೆ ಅದೇನು ಸಿಟ್ಟೋ! ಗುಮಾಸ್ತ ಕಂಡರೆ ಸಣ್ಣಕಥೆ, ಕಡತ ಕಂಡರೆ ಕಾದಂಬರಿ. ಪಾಪ, ಮೇಜಿನ ಆಚೆ ಕೂತವರ ಅಹವಾಲನ್ನೂ ಯಾರಾದರೂ ಕೇಳಬೇಕಲ್ಲ.

ತೇಜಸ್ವಿಯವರ ತಬರನನ್ನೇ ತಗೊಳ್ಳಿ. ಪಿಂಚಣಿಗಾಗಿ ಮೇಜಿನಿಂದ ಮೇಜಿಗೆ ಅಲೆದ. ಅಷ್ಟರಲ್ಲಿ ಹೆಂಡತಿಯ ಕಾಲು ಕೊಳೆಯಿತು. ಗಿರೀಶ ಕಾಸರವಳ್ಳಿ ಅದನ್ನು ಸಿನಿಮಾ ಮಾಡಿದರು. 1986ರ ಅತ್ಯುತ್ತಮ ಚಿತ್ರ ಎಂದು ಸರ್ಕಾರವೇ ಸ್ವರ್ಣಕಮಲ ಕೊಟ್ಟಿತು. ಸರ್ಕಾರಕ್ಕೆ ಹೃದಯವಿಲ್ಲ ಅಂದವರು ಯಾರು? ತಬರನ ತಪ್ಪೊಂದೇ, ಅರ್ಜಿ ಹಾಕಿದ. ಸಿನಿಮಾ ತೆಗೆಯಬೇಕಿತ್ತು.

ಇನ್ನು ಜರ್ಮನ್ ಭಾಷೆಯಲ್ಲಿ ಬರೆದ ಕಾಫ್ಕಾ. ಆತನ ‘ದಿ ಟ್ರಯಲ್’ ಕಾದಂಬರಿಯ ನಾಯಕ ಒಂದು ಬೆಳಗ್ಗೆ ಹಾಸಿಗೆಯಿಂದ ಏಳುವಷ್ಟರಲ್ಲಿ ಬಂಧಿತ. ಆರೋಪ ಏನೆಂದು ಕೊನೆವರೆಗೂ ಯಾರೂ ಬಾಯಿಬಿಡುವುದಿಲ್ಲ. ಬರೆದ ಮಹಾಶಯ ಯಾರು? 1908ರಿಂದ 1922ರವರೆಗೆ ಪ್ರಾಗ್‌ನ ಕಾರ್ಮಿಕರ ಅಪಘಾತ ವಿಮಾ ಸಂಸ್ಥೆಯ ನೌಕರ! ಬಡ್ತಿ ಸಿಕ್ಕಿತ್ತು. ಕ್ಷಯ ಬಂದು ನಿವೃತ್ತಿಯಾದಾಗ ಪಿಂಚಣಿಯೂ ಮಂಜೂರಾಯಿತು. ಉಂಡ ಮನೆಯ ಗಳ ಎಣಿಸುವುದು ಅಂದರೆ ಇದೇ. (ತಬರ ಪ್ರಾಗ್‌ನಲ್ಲಿ ಹುಟ್ಟಿದ್ದರೆ ಕಥೆಯೇ ಇರುತ್ತಿರಲಿಲ್ಲ, ಅದು ಬೇರೆ ಮಾತು.)

ಆದರೆ ಕಚೇರಿಗೆ ನಿಜವಾಗಿ ಉರಿ ಹತ್ತಿಸಿದ್ದು ಉರ್ದು-ಹಿಂದಿ ಲೇಖಕ ಕೃಷನ್ ಚಂದರ್ ಅವರ ‘ಜಾಮೂನ್ ಕಾ ಪೇಡ್’ ಎಂಬ ಕಥೆ. ರಾತ್ರಿ ಗಾಳಿಗೆ ಸಚಿವಾಲಯದ ಹುಲ್ಲುಹಾಸಿನ ಮೇಲೆ ನೇರಳೆ ಮರ ಉರುಳಿದೆ. ಅಡಿಯಲ್ಲೊಬ್ಬ ಮನುಷ್ಯ, ಜೀವ ಇದೆ. ಸೇರಿದ ಗುಮಾಸ್ತರು ಮೊದಲು ಮರುಗಿದ್ದು ಹಣ್ಣಿಗೆ. ಎಷ್ಟು ರಸ ಇರುತ್ತಿತ್ತು, ಛೆ! ನಾಲ್ಕು ಜನ ಕೈ ಹಾಕಿದ್ದರೆ ಮರ ಎತ್ತಬಹುದಿತ್ತು. ಆದರೆ ಹಣ್ಣಿನ ಮರ, ತೋಟಗಾರಿಕೆಯವರನ್ನು ಕೇಳದೆ ಮುಟ್ಟುವುದು ಹೇಗೆ? ಮರ ಕಡಿಯುವ ಬದಲು ಮನುಷ್ಯನನ್ನೇ ನಡುವೆ ಕತ್ತರಿಸಿ, ಹೊರಗೆಳೆದು, ಪ್ಲಾಸ್ಟಿಕ್ ಸರ್ಜರಿಯಲ್ಲಿ ಜೋಡಿಸೋಣ ಎಂಬ ಸಲಹೆ ಬಂತು. ಕಡತ ವೈದ್ಯಕೀಯ ಇಲಾಖೆಗೆ ಹೋಯಿತು. ಶಸ್ತ್ರಚಿಕಿತ್ಸೆ ಸಾಧ್ಯ, ರೋಗಿ ಮಾತ್ರ ಬದುಕುವುದಿಲ್ಲ ಎಂದು ಉತ್ತರ. ಅಷ್ಟರಲ್ಲಿ ಆತ ಕವಿ ಎಂದು ಗೊತ್ತಾಗಿ, ಮರದಡಿಯಲ್ಲೇ ಅಕಾಡೆಮಿ ಸದಸ್ಯತ್ವ! ಮರ ನೆಟ್ಟವರು ವಿದೇಶದ ಪ್ರಧಾನಿ ಎಂದು ತಿಳಿದಾಗ ವಿದೇಶಾಂಗ ಇಲಾಖೆಗೂ ಕೆಲಸ. ಕೊನೆಗೆ ಅನುಮತಿ ಸಿಕ್ಕಿತು, ಕವಿ ಸತ್ತಿದ್ದ.

ಉತ್ಪ್ರೇಕ್ಷೆ, ಅಲ್ಲವೇ? ಐಸಿಎಸ್‌ಇ ಮಂಡಳಿಗೂ ಹಾಗೇ ಅನ್ನಿಸಿರಬೇಕು. ಈ ಕಥೆ ಅವರ ಹತ್ತನೇ ತರಗತಿಯ ಹಿಂದಿ ಪಠ್ಯದಲ್ಲಿತ್ತು. 2019ರ ನವೆಂಬರಿನಲ್ಲಿ ಸುತ್ತೋಲೆ ಬಂತು: 2020 ಮತ್ತು 2021ರ ಪರೀಕ್ಷೆಗಳಲ್ಲಿ ಈ ಕಥೆಯ ಮೇಲೆ ಪ್ರಶ್ನೆ ಇರುವುದಿಲ್ಲ. ಹತ್ತನೇ ತರಗತಿಯವರಿಗೆ ಅದು ಸೂಕ್ತವಲ್ಲ ಎಂಬುದು ಕಾರಣ. ಸರಿಯೇ. ಹದಿನೈದು ವರ್ಷಕ್ಕೇ ಕಚೇರಿಯ ಒಳಗುಟ್ಟು ತಿಳಿದರೆ ಜಾತಿ ಪ್ರಮಾಣಪತ್ರಕ್ಕೆ ಸಾಲಿನಲ್ಲಿ ನಿಲ್ಲುವವರು ಯಾರು?

ಕಾರ್ಯದಕ್ಷತೆಯನ್ನಾದರೂ ಮೆಚ್ಚಿ. ಕಥೆಯೊಳಗೆ ಅಷ್ಟೂ ಇಲಾಖೆ ಸೇರಿ ಕದಲಿಸಲಾಗದ ಮರವನ್ನು ಇವರು ಒಂದೇ ಸುತ್ತೋಲೆಯಲ್ಲಿ ತೆಗೆದರು. ತೋಟಗಾರಿಕೆಯವರನ್ನು ಕೇಳಲಿಲ್ಲ, ವಿದೇಶಾಂಗಕ್ಕೆ ಕಡತ ಹೋಗಲಿಲ್ಲ. ಅಡಿಯಲ್ಲಿದ್ದವನನ್ನೂ ಅದರ ಜತೆಗೇ ವಿಲೇವಾರಿ ಮಾಡಿದರು.