ಲಿಲ್ಲಿ ಗೆಡ್ಡೆಯ ಹುಳುವಿಗೆ ಉಪ್ಪುನೀರು ಮದ್ದಾ? ಸತ್ಯಾಂಶ ಇಲ್ಲಿದೆ

"ಅಮರಿಲ್ಲಿಸ್ ಬುಡಕ್ಕೆ ಉಪ್ಪುನೀರು ಸುರಿಯಿರಿ, ಗೆಡ್ಡೆ ತಿನ್ನೋ ಹುಳು ಒಂದೇ ರಾತ್ರೀಲಿ ಖಾಲಿ" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. (ಅಮರಿಲ್ಲಿಸ್ ಅಂದರೆ ನಾವು ಲಿಲ್ಲಿ ಎಂದು ಕರೆಯುವ, ಗೆಡ್ಡೆಯಿಂದ ಬೆಳೆಯುವ ಹೂಗಿಡ.) ದಯವಿಟ್ಟು ಹಾಗೆ ಮಾಡಬೇಡಿ.

ಈ ಹುಳು ಬರುವುದು ಎಲೆಯಿಂದ. ರಾತ್ರಿ ಹೊತ್ತು ಪತಂಗವೊಂದು ಎಲೆಯ ಮೇಲೆ ಗುಂಪಾಗಿ ಮೊಟ್ಟೆ ಇಡುತ್ತದೆ. ಮರಿಗಳು ಎಲೆಯೊಳಗೆ ನುಗ್ಗಿ, ತಿರುಳು ತಿನ್ನುತ್ತಾ ಕೆಳಗಿಳಿದು ಗೆಡ್ಡೆ ಸೇರುತ್ತವೆ. ಬಾಡಿದ ಎಲೆಯನ್ನು ಬಿಸಿಲಿಗೆ ಹಿಡಿದು ನೋಡಿ. ಹಸಿರೆಲ್ಲ ಹೋಗಿ ತೆಳು ಪೊರೆ ಮಾತ್ರ ಉಳಿದಿರುತ್ತದೆ. ಒಳಗೆ ಹಿಕ್ಕೆ, ಪಟ್ಟೆಪಟ್ಟೆಯ ಕಪ್ಪು ಹುಳು. ಬುಡಕ್ಕೆ ಹಾಕಿದ ಉಪ್ಪುನೀರು ಅಲ್ಲಿಗೆ ಹೇಗೆ ಮುಟ್ಟುತ್ತೆ ಹೇಳಿ? ಬೇರು ಹಾಳಾಗುವುದೇ ಜಾಸ್ತಿ.

ಮೊಟ್ಟೆ ಕಂಡರೆ ಒರೆಸಿಬಿಡಿ. ಹುಳು ಹೊಕ್ಕ ಎಲೆಯನ್ನು ಬುಡದಲ್ಲೇ ಕತ್ತರಿಸಿ ಸೋಪಿನ ನೀರಲ್ಲಿ ಮುಳುಗಿಸಿ. ಬೇವಿನೆಣ್ಣೆ ಕೆಲಸ ಮಾಡುವುದು ಮರಿ ಚಿಕ್ಕದಿರುವಾಗ.

ಗೆಡ್ಡೆ ಒತ್ತಿದಾಗ ಮೆತ್ತಗಿದ್ದರೂ ಎಸೆಯಬೇಡಿ. ಅಮ್ಮನೋ ಅಜ್ಜಿಯೋ ಕೊಟ್ಟ ಗೆಡ್ಡೆ ಮತ್ತೆ ಸಿಗಲ್ಲ, ಅಲ್ವಾ? ಕಿತ್ತು, ಗಟ್ಟಿಯಾದ ಬಿಳಿ ಪದರ ಸಿಗುವವರೆಗೆ ಕೊಳೆತದ್ದನ್ನು ತೆಗೆಯಿರಿ. ಎರಡು ಮೂರು ದಿನ ನೆರಳಲ್ಲಿ ಒಣಗಿಸಿ, ಹೊಸ ಮಣ್ಣಿಗೆ ನೆಡಿ. ಹಳೆ ಮಣ್ಣಲ್ಲಿ ಹುಳುವಿನ ಕೋಶ (ಪತಂಗವಾಗುವ ಮುಂಚಿನ ಹಂತ) ಇರಬಹುದು. ಬೇರು ಬಿಡುವ ತಳಭಾಗ ಗಟ್ಟಿಯಾಗಿದ್ದರೆ ಗೆಡ್ಡೆ ಮತ್ತೆ ಚಿಗುರುವ ಸಾಧ್ಯತೆ ಚೆನ್ನಾಗಿಯೇ ಇದೆ.