ಹಿರಿಯ ನಗೆನಟರು ಮಧ್ಯಾಹ್ನದ ಟಿವಿ ಮಾತುಕತೆಗೆ ಬರಬೇಕೇ?

ಪರ: ಕರೆಯುವವರು ಇನ್ಯಾರಿದ್ದಾರೆ?

ನರಸಿಂಹರಾಜು ಅವರು ತೀರಿಕೊಂಡದ್ದು 1979ರಲ್ಲಿ. ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ. ಆ ಎರಡು ವರ್ಷಗಳ ಅಂತರ ನೆನಪಾದಾಗಲೆಲ್ಲ ನನಗೆ ಸಂಕಟವಾಗುತ್ತದೆ. 1954ರ ‘ಬೇಡರ ಕಣ್ಣಪ್ಪ’ದಿಂದ ಹಿಡಿದು ಕಾಲು ಶತಮಾನ ಕನ್ನಡಿಗರನ್ನು ನಗಿಸಿದವರಿಗೆ ಈ ಊರಿನ ದೂರದರ್ಶನದ ಕುರ್ಚಿಯಲ್ಲಿ ಕುಳಿತು ಒಂದು ಮಾತನ್ನೂ ಆಡಲಾಗಲಿಲ್ಲ. ಟಿ.ಎನ್. ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿ ನೋಡಿ ಮಾತಿಗೆ ಮಾತು ಕೊಡುತ್ತಿದ್ದರು. ಅಂಥ ವಿದ್ಯೆಯನ್ನು ಕಲಿತವರ ಬಾಯಿಂದಲೇ ಕೇಳಬೇಕು.

ಆದ್ದರಿಂದ ಕರೆಯಲಿ ಎನ್ನುತ್ತೇನೆ. ರಾತ್ರಿಯ ಹೊತ್ತು ನಾಯಕನಟರ ಪಾಲು. ನಗೆನಟರಿಗೆ ಉಳಿಯುವುದು ಮಧ್ಯಾಹ್ನವೇ. ಆಗ ಟಿವಿ ಮುಂದೆ ಕೂರುವ ಹಿರಿಯರಲ್ಲಿ ಎಷ್ಟೋ ಮಂದಿ ಇವರನ್ನು ಟೆಂಟ್ ಟಾಕೀಸಿನಲ್ಲಿ ನೋಡಿ ಬೆಳೆದವರು. ಪ್ರಶ್ನೆಗಳು ತೀರಾ ತೆಳುವಾಗಿರುತ್ತವೆ ಎಂಬ ಅಸಮಾಧಾನ ನನಗೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಗೌರವದ ಹೆಸರಿನಲ್ಲಿ ವಿರೋಧಿಸುವವರು ಈ ಕಲಾವಿದರನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಹಾರ ಹಾಕಬೇಕೆನ್ನುತ್ತಾರೆ. ವಯಸ್ಸಾದ ನಟ ಕಾಯುವುದು ಒಂದು ಕರೆಗಾಗಿ.

ವಿರೋಧ: ಬೀಳಿಸುವುದಾದರೆ ಕರೆಯಬೇಡಿ

ನನ್ನ ತಂದೆ ಕಂಪನಿ ನಾಟಕಗಳಲ್ಲಿ ಹಾಸ್ಯದ ಪಾತ್ರ ಮಾಡುತ್ತಿದ್ದರು. ಮೆಟ್ಟಿಲಿನಿಂದ ಉರುಳುವುದು, ಒದ್ದೆ ನೆಲದಲ್ಲಿ ಜಾರುವುದು, ಮಂಚದ ಸಮೇತ ಮಗುಚಿಕೊಳ್ಳುವುದು ನಮ್ಮ ಮನೆಗೆ ಅನ್ನ ತಂದ ಕೆಲಸಗಳು. ಅವರ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಒಂದು ವಾಹಿನಿಯವರು ಮಧ್ಯಾಹ್ನದ ಕಾರ್ಯಕ್ರಮಕ್ಕೆ ಕರೆದರು. ಹನುಮಂತನಗರದ ಮನೆಯಿಂದ ಇಬ್ಬರೂ ಆಟೊದಲ್ಲಿ ಹೋದೆವು. ದಾರಿಯುದ್ದಕ್ಕೂ ಅವರು ಶಲ್ಯದ ಮಡಿಕೆ ಸರಿಪಡಿಸಿಕೊಳ್ಳುತ್ತಲೇ ಇದ್ದರು.

ಅಲ್ಲಿ ಮುಕ್ಕಾಲು ಗಂಟೆ ಮಾತನಾಡಿದರು. ಬೀಳುವಾಗ ಗದ್ದವನ್ನು ಎದೆಗೆ ಒತ್ತಿಕೊಳ್ಳಬೇಕು, ಅದೇ ಗಳಿಗೆಗೆ ಅಂಗೈಯಿಂದ ರಂಗದ ಹಲಗೆಗೆ ಬಡಿಯಬೇಕು, ಜನರಿಗೆ ಕೇಳುವ ಸದ್ದು ಅಂಗೈಯದು ಎಂದರು. ಬಿದ್ದವನು ಏಳುವ ಮುಂಚೆ ಒಂದು ಕ್ಷಣ ತಡೆಯಬೇಕು, ನಗು ಹುಟ್ಟುವುದು ಆ ತಡೆಯಲ್ಲಿ ಎಂದರು. ಇದನ್ನೆಲ್ಲ ನಾನು ಮೊದಲ ಸಲ ಕೇಳಿದ್ದು ಅಂದೇ. ಕೊನೆಗೆ ನಿರೂಪಕಿ, ‘ಎಲ್ಲಿ ಸರ್, ಒಂದು ಸಲ ಬಿದ್ದು ತೋರಿಸಿ’ ಎಂದರು. ಸ್ಟುಡಿಯೊದಲ್ಲಿದ್ದವರು ಚಪ್ಪಾಳೆ ತಟ್ಟತೊಡಗಿದರು. ಚಪ್ಪಾಳೆ ಕೇಳಿಸಿದ ಮೇಲೆ ನಟ ಕುಳಿತಿರಲಾರ. ತಂದೆ ಎದ್ದರು, ಬಿದ್ದರು. ಹಲಗೆಗೆ ಪಳಗಿದ ಮೈಗೆ ಅಂದು ಸಿಕ್ಕಿದ್ದು ಸಿಮೆಂಟಿನ ಮೇಲೆ ಹಾಸಿದ ತೆಳು ಜಮಖಾನ.

ಬೀಳುವ ಹಾಸ್ಯದಲ್ಲಿ ಪೆಟ್ಟು ಸುಳ್ಳು ಎಂದು ನೋಡುವವರು ನಂಬಿರುತ್ತಾರೆ. ಅಮೆರಿಕದ ಮೂಕಿ ಚಿತ್ರಗಳ ನಗೆನಟ ಬಸ್ಟರ್ ಕೀಟನ್ 1924ರ ಚಿತ್ರವೊಂದರ ಚಿತ್ರೀಕರಣದಲ್ಲಿ ರೈಲ್ವೆ ನೀರಿನ ತೊಟ್ಟಿಯಿಂದ ಸುರಿದ ನೀರಿನ ರಭಸಕ್ಕೆ ಹಳಿಯ ಮೇಲೆ ಬಿದ್ದರು. ಕತ್ತಿನ ಮೂಳೆ ಮುರಿದಿತ್ತೆಂದು ತಿಳಿದದ್ದು ವರ್ಷಗಳ ಮೇಲೆ. ಅಲ್ಲಿಯದೇ ಇನ್ನೊಬ್ಬ ನಗೆನಟ ಜೆರ್ರಿ ಲೂಯಿಸ್ 1965ರಲ್ಲಿ ಲಾಸ್ ವೇಗಸ್‌ನ ವೇದಿಕೆಯಲ್ಲಿ ಬಿದ್ದು ಬೆನ್ನುಮೂಳೆಗೆ ಪೆಟ್ಟು ಮಾಡಿಕೊಂಡರು. ನೋವಿನ ಮಾತ್ರೆಯ ವ್ಯಸನ ವರ್ಷಗಟ್ಟಲೆ ಅವರನ್ನು ಕಾಡಿತು. ಕೀಟನ್‌ಗೆ ಆಗ ಮೂವತ್ತು ಕೂಡ ತುಂಬಿರಲಿಲ್ಲ. ಎಪ್ಪತ್ತು ದಾಟಿದವರನ್ನು ಬೀಳಿ ಎನ್ನುವ ಬಾಯಿ ಹೇಗೆ ಬರುತ್ತದೆ? ಇವರ ವಿದ್ಯೆ ದಾಖಲೆ ಆಗಬೇಕು ಎಂಬ ಮಾತನ್ನು ಇಲ್ಲಿಗೆ ಎಳೆದು ತರಬೇಡಿ. ಅದು ಅಕಾಡೆಮಿಗಳು, ವಿಶ್ವವಿದ್ಯಾಲಯಗಳು ಮಾಡಬೇಕಾದ ಕೆಲಸ.

ಪ್ರಸಾರವಾದ ದಿನ ಮಾತೆಲ್ಲ ಕತ್ತರಿಗೆ ಹೋಗಿತ್ತು. ಗದ್ದವೂ ಇಲ್ಲ, ಅಂಗೈಯೂ ಇಲ್ಲ, ತಡೆಯೂ ಇಲ್ಲ. ಬಿದ್ದದ್ದನ್ನು ಮಾತ್ರ ಮೂರು ಸಲ ತೋರಿಸಿದರು, ಒಂದು ಸಲ ನಿಧಾನಗತಿಯಲ್ಲಿ, ಹಿನ್ನೆಲೆಯಲ್ಲಿ ಡೋಲಿನ ಸದ್ದು ಸೇರಿಸಿ. ತಂದೆ ಸೊಂಟಕ್ಕೆ ಬಿಸಿನೀರಿನ ಚೀಲ ಒತ್ತಿಕೊಂಡು ನೋಡುತ್ತಿದ್ದರು. ಮೂರನೆಯ ಸಲಕ್ಕೆ, ‘ಅಂಗೈ ತಡವಾಯಿತು’ ಎಂದರು.

ಆರು ತಿಂಗಳಾದ ಮೇಲೆ ಅದೇ ಕಾರ್ಯಕ್ರಮದವರು ಹಬ್ಬದ ವಿಶೇಷಕ್ಕೆಂದು ಮತ್ತೆ ಫೋನ್ ಮಾಡಿದರು. ಫೋನ್ ನನ್ನ ಕೈಯಲ್ಲಿತ್ತು. ಬರುವುದಿಲ್ಲ ಎಂದುಬಿಟ್ಟೆ. ಕರೆ ಬಂದಿತ್ತೆಂದು ತಂದೆಗೆ ನಾನು ಹೇಳಲೇ ಇಲ್ಲ.